ಕೋಟೆ, ಹೊಂಡ, ಏಕತಾರಿ: ಚಿತ್ರದುರ್ಗದಲ್ಲಿ ಕುಟುಂಬಗಳಿಗಾಗಿ ನಡೆಯುವ ಒಂದು ದಿನದ ಮಾರ್ಗದರ್ಶಿ ಸೇವೆ

ಚಿತ್ರದುರ್ಗದ ಕೋಟೆಯ ಬಾಗಿಲಲ್ಲಿ ಸಿಗುವ ಮಾರ್ಗದರ್ಶಿಗಳು ಸಾಮಾನ್ಯವಾಗಿ ಎರಡು ಗಂಟೆಯೊಳಗೆ ಮುಖ್ಯವಾದ ಜಾಗಗಳನ್ನು ತೋರಿಸಿ ಪ್ರವಾಸಿಗರನ್ನು ಕೆಳಗೆ ತಂದು ಬಿಡುತ್ತಾರೆ. ಅವರಲ್ಲೊಬ್ಬರು ಈಗ ಕುಟುಂಬಗಳಿಗೆಂದೇ ಇಡೀ ದಿನದ ಸುತ್ತಾಟವನ್ನು ನಡೆಸಿಕೊಡುತ್ತಿದ್ದಾರೆ. ಬೆಳಿಗ್ಗೆ ಕೋಟೆ, ಊಟವಾದ ಮೇಲೆ ವಸ್ತುಸಂಗ್ರಹಾಲಯ ಮತ್ತು ಚಂದ್ರವಳ್ಳಿ, ಸಂಜೆ ಹಳೆಯ ಪೇಟೆಯ ಬೀದಿಯಲ್ಲಿ ಹಾಡುಗಾರರ ಜೊತೆ ಒಂದಷ್ಟು ಹೊತ್ತು ಎಂಬುದು ಅವರ ಕ್ರಮ. ನನ್ನ ತಾಯಿ, ಪತ್ನಿ, ಹೈಸ್ಕೂಲಿನಲ್ಲಿ ಓದುವ ಮಗಳು ಮತ್ತು ಮೂರನೇ ತರಗತಿಯ ಮಗನೊಂದಿಗೆ ದಾವಣಗೆರೆಯಿಂದ ಹೋಗಿ ಈ ಸೇವೆಯನ್ನು ಪಡೆದು ಬಂದಿದ್ದೇನೆ. ಅವರ ಹೆಸರನ್ನಾಗಲಿ ಫೋನ್ ನಂಬರನ್ನಾಗಲಿ ಇಲ್ಲಿ ಹಾಕುತ್ತಿಲ್ಲ. ಟಿಕೆಟ್ ಕೌಂಟರಿನ ಬಳಿ "ಹಾಡು ಕೇಳಿಸೋ ಗೈಡ್ ಯಾರು" ಎಂದು ವಿಚಾರಿಸಿದರೆ ಅಲ್ಲಿದ್ದವರೇ ಕರೆದು ಪರಿಚಯಿಸುತ್ತಾರೆ.

ದಾವಣಗೆರೆಯವರಿಗೆ ದುರ್ಗ ದೂರದ ಊರೇನಲ್ಲ. ಹೆದ್ದಾರಿಯಲ್ಲಿ ಅರವತ್ತು ಕಿಲೋಮೀಟರಿನ ಆಸುಪಾಸಿನ ದಾರಿ. 1997ರಲ್ಲಿ ಹೊಸ ಜಿಲ್ಲೆಯಾಗುವವರೆಗೆ ನಮ್ಮೂರೂ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಆದರೂ ನಮ್ಮಲ್ಲಿ ಅನೇಕರು ಕೋಟೆಯನ್ನು ನೋಡಿರುವುದು ಶಾಲೆಯ ಪ್ರವಾಸದಲ್ಲಿ, ಮೇಷ್ಟ್ರ ಹಿಂದೆ ಸಾಲಾಗಿ ನಡೆದು, ಓಬವ್ವನ ಕಿಂಡಿಯ ಮುಂದೆ ಫೋಟೊ ತೆಗೆಸಿಕೊಂಡು ಮರಳಿದಷ್ಟೇ. ಮನೆಯ ಹಿರಿಯರನ್ನೂ ಮಕ್ಕಳನ್ನೂ ಒಟ್ಟಿಗೆ ಕರೆದುಕೊಂಡು, ಯಾರಿಗೂ ಆತುರವಾಗದಂತೆ, ಯಾರಿಗೂ ಬೇಸರವಾಗದಂತೆ ಆ ಊರನ್ನು ತೋರಿಸುವವರು ಬೇಕು ಎಂಬ ಕೊರತೆ ಬಹಳ ದಿನಗಳಿಂದ ಇತ್ತು. ಈ ಸೇವೆ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದೆ ಎಂದೇ ನನ್ನ ಅಭಿಪ್ರಾಯ. ತಿದ್ದಿಕೊಳ್ಳಬೇಕಾದ ಸಂಗತಿಗಳೂ ಇವೆ. ಅವನ್ನು ಆಯಾ ಜಾಗದಲ್ಲಿಯೇ ಹೇಳುತ್ತೇನೆ.

ಕೋಟೆಯ ಭಾಗವನ್ನು ಅವರು ನಡೆಸುವ ರೀತಿ ತುಂಬ ಚೆನ್ನಾಗಿದೆ. ಬಿಸಿಲೇರುವ ಮೊದಲೇ ಹತ್ತಿ ಮುಗಿಸಬೇಕೆಂಬುದು ಅವರ ಮೊದಲ ಷರತ್ತು, ಅದು ಸರಿಯಾದದ್ದೇ. ಹತ್ತು ಗಂಟೆಯ ನಂತರ ಆ ಬಂಡೆಗಳು ಕಾದು, ವಯಸ್ಸಾದವರು ಕೈಯೂರಿ ಹತ್ತುವುದೂ ಕಷ್ಟವಾಗುತ್ತದೆ. ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಸಂರಕ್ಷಣೆಯಲ್ಲಿದ್ದು, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ಹೈಸ್ಕೂಲಿನ ಮಕ್ಕಳಿದ್ದರೆ ಶಾಲೆಯ ಗುರುತಿನ ಚೀಟಿ ಜೊತೆಯಲ್ಲಿರಲಿ. ಒಳಗೆ ಹೋಗುತ್ತಿದ್ದಂತೆಯೇ ಅವರು ಮಕ್ಕಳನ್ನು ಮುಂದೆ ಬಿಟ್ಟು, ದಾರಿ ಎಷ್ಟು ಕಡೆ ತಿರುಗುತ್ತದೆ, ಏಕೆ ತಿರುಗುತ್ತದೆ ಎಂದು ಕೇಳಿದರು. ನೇರ ದಾರಿಯಿದ್ದರೆ ಆನೆಯನ್ನು ಓಡಿಸಿಕೊಂಡು ಬಂದು ಬಾಗಿಲನ್ನು ಗುದ್ದಿಸಿ ಮುರಿಯಬಹುದು, ತಿರುವಿದ್ದರೆ ಆನೆಗೆ ಓಡಿ ಬರಲು ಜಾಗವೇ ಸಿಗುವುದಿಲ್ಲ ಎಂಬ ಉತ್ತರ ಮಗಳಿಂದಲೇ ಬರುವ ತನಕ ಅವರು ಕಾದರು. ಏಳು ಸುತ್ತಿನ ಕೋಟೆ ಎಂಬ ಮಾತನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಈ ಒಂದು ಪ್ರಶ್ನೆ ಮೇಲು.

ಬಾಗಿಲ ಬಳಿಯ ಎಣ್ಣೆ ಕೊಳ, ಆಮೇಲೆ ಬನಶಂಕರಿಯ ಗುಡಿ, ಮುಂದೆ ಮದ್ದು ಬೀಸುವ ಕಲ್ಲುಗಳು. ನೆಲಮಟ್ಟಕ್ಕಿಂತ ಕೆಳಗೆ ಕಟ್ಟಿದ ಗುಂಡಿಯಲ್ಲಿ ಆಳೆತ್ತರಕ್ಕೆ ಸಮನಾದ ನಾಲ್ಕು ದುಂಡು ಬೀಸುಕಲ್ಲುಗಳು ಇಂದಿಗೂ ಇವೆ. ಇವುಗಳ ಮುಂದೆ ನಿಂತು ಅವರು ಹೆಚ್ಚು ಮಾತಾಡಲಿಲ್ಲ. ಕಲ್ಲನ್ನು ತಿರುಗಿಸಲು ಪ್ರಾಣಿಗಳನ್ನು ಎಲ್ಲಿ ಕಟ್ಟಿರಬಹುದು, ಕಿಡಿ ಹಾರಿದರೆ ಏನಾಗುತ್ತಿತ್ತು, ಹಾಗಾದರೆ ಗುಂಡಿಯಲ್ಲೇ ಏಕೆ ಬೀಸಬೇಕು ಎಂದು ಕೇಳುತ್ತ ಹೋದರು. ಮಗ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿ, "ಅಜ್ಜಿ ದೋಸೆಗೆ ರುಬ್ಬೋ ಕಲ್ಲೂ ಹಿಂಗೇ ತಿರುಗ್ತಿತ್ತಾ?" ಎಂದು ನನ್ನ ತಾಯಿಯನ್ನು ಕೇಳಿದ.

ಈ ಮಾರ್ಗದರ್ಶಿಯ ದೊಡ್ಡ ಗುಣವೆಂದರೆ ಇತಿಹಾಸವನ್ನೂ ಐತಿಹ್ಯವನ್ನೂ ಬೆರೆಸದೆ ಹೇಳುವುದು. 1568ರಲ್ಲಿ ಮತ್ತಿ ತಿಮ್ಮಣ್ಣ ನಾಯಕನಿಂದ ಆರಂಭವಾದ ನಾಯಕರ ಆಳ್ವಿಕೆ, 1779ರಲ್ಲಿ ಹೈದರಾಲಿಯ ಕೈಗೆ ಕೋಟೆ ಸೇರಿದ್ದು, ಕೊನೆಯ ಮದಕರಿ ನಾಯಕನ ಸೋಲು, ಇವೆಲ್ಲವನ್ನೂ ಒಂದು ಧ್ವನಿಯಲ್ಲಿ ಹೇಳುತ್ತಾರೆ. ಹಿಡಿಂಬೇಶ್ವರ ಗುಡಿಯಲ್ಲಿ ಹಿಡಿಂಬನ ಹಲ್ಲು ಮತ್ತು ಭೀಮನ ಭೇರಿಯ ಕಥೆಗೆ ಬಂದಾಗ ಮಾತ್ರ "ಇದು ನಮ್ ಜನ ಹೇಳೋದು, ನಮ್ಮಜ್ಜ ನನಗೆ ಹೇಳಿದ್ದು" ಎಂದು ಮೊದಲೇ ತಿಳಿಸಿ, ಆಮೇಲೆ ಕಥೆಯನ್ನು ಪೂರ್ತಿ ರಸವತ್ತಾಗಿ ಹೇಳುತ್ತಾರೆ. ಮಕ್ಕಳಿಗೆ ಎರಡೂ ಬೇಕು. ಯಾವುದು ಯಾವುದೆಂದು ತಿಳಿಯುವುದೂ ಬೇಕು. ನಾಯಕರ ಪಟ್ಟಾಭಿಷೇಕ ನಡೆಯುತ್ತಿದ್ದ ಸಂಪಿಗೆ ಸಿದ್ದೇಶ್ವರನ ಗುಡಿ, ಏಕನಾಥೇಶ್ವರಿಯ ಗುಡಿ, ಎತ್ತರದ ದೀಪಸ್ತಂಭ ಮತ್ತು ಉಯ್ಯಾಲೆ ಕಂಬ ಇರುವ ಬಯಲಿಗೆ ಬರುವ ಹೊತ್ತಿಗೆ ನನ್ನ ತಾಯಿಗೆ ಮಂಡಿ ನೋವು ಕಾಣಿಸಿಕೊಂಡಿತ್ತು. ಅವರು ಅದನ್ನು ನಮಗಿಂತ ಮೊದಲೇ ಗಮನಿಸಿ, "ಅವ್ವಾ, ನೀವು ಇಲ್ಲೇ ನೆಳ್ಳಾಗೆ ಕುಂತ್ಕಳ್ರಿ, ಇವ್ರು ಮ್ಯಾಲೆ ಹೋಗಿ ಬರ್ಲಿ" ಎಂದು ಗುಡಿಯ ಜಗುಲಿಯಲ್ಲಿ ಜಾಗ ಮಾಡಿಕೊಟ್ಟರು. ಅಲ್ಲಿಂದ ಮುಂದಿನ ಮಣ್ಣಿನ ಗೋಡೆಗಳ ಅರಮನೆಯ ಅವಶೇಷ, ಟಂಕಸಾಲೆ, ಗೋಪಾಲಸ್ವಾಮಿ ಹೊಂಡದ ಕಡೆಗೆ ನಾವು ನಾಲ್ವರೇ ಹೋದೆವು.

ಹೊಂಡಗಳ ಬಗ್ಗೆ ಅವರು ಹೇಳಿದ್ದನ್ನು ನಾನು ಬೇರೆ ಯಾವ ಮಾರ್ಗದರ್ಶಿಯಿಂದಲೂ ಅಷ್ಟು ಸ್ಪಷ್ಟವಾಗಿ ಕೇಳಿರಲಿಲ್ಲ. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡವನ್ನು ತುಂಬಿ, ಅಲ್ಲಿಂದ ಕೋಡಿ ಬಿದ್ದು ಅಕ್ಕ-ತಂಗಿಯರ ಹೊಂಡಕ್ಕೆ, ಮತ್ತೆ ಕೆಳಕ್ಕಿಳಿದು ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ ಸೇರುವಂತೆ ನಾಯಕರ ಕಾಲದವರು ಕಟ್ಟಿದ್ದರು. ಮಳೆ ಕಡಿಮೆಯಾದ ಈ ಬಯಲುಸೀಮೆಯಲ್ಲಿ ಮುತ್ತಿಗೆಯ ಕಾಲಕ್ಕೆ ಕೋಟೆಯನ್ನು ಕಾಪಾಡಿದ್ದು ಗೋಡೆಯಷ್ಟೇ ಅಲ್ಲ, ಈ ನೀರೂ ಹೌದು. ತಣ್ಣೀರು ದೋಣಿ ಎಂಬ ನೀರಿನ ತಾಣದ ಪಕ್ಕದಲ್ಲಿ ಓಬವ್ವನ ಕಿಂಡಿಯ ಮುಂದೆ ನಿಂತಾಗ ಈ ಮಾತು ಕೂಡಿಕೊಂಡಿತು: ಕಾವಲುಗಾರ ಮುದ್ದ ಹನುಮನ ಹೆಂಡತಿ ಅಲ್ಲಿಗೆ ಬಂದದ್ದು ಊಟಕ್ಕೆ ಕುಳಿತ ಗಂಡನಿಗೆ ನೀರು ತರಲೆಂದು, ಹೈದರನ ಸೈನಿಕರು ಕಿಂಡಿಯಲ್ಲಿ ತೂರಿ ಬರುತ್ತಿದ್ದುದು ಕಂಡದ್ದು ಆಗಲೇ. ಕಿಂಡಿಯಲ್ಲಿ ಮಗಳು ನುಸುಳಿ ನೋಡಿದಳು. ಒಬ್ಬರ ಹಿಂದೆ ಒಬ್ಬರು ತಲೆ ತಗ್ಗಿಸಿ ಬರುವುದಲ್ಲದೆ ಬೇರೆ ದಾರಿಯಿಲ್ಲ. ಒನಕೆ ಹಿಡಿದು ನಿಂತ ಒಬ್ಬ ಹೆಂಗಸು ಹೇಗೆ ಅಷ್ಟು ಜನರನ್ನು ತಡೆದಳು ಎಂಬುದನ್ನು ಅವಳಿಗೆ ಯಾರೂ ವಿವರಿಸಬೇಕಾಗಲಿಲ್ಲ.

ಕೋಟೆಗೆ ಹೋಗುವವರು ಕುಡಿಯುವ ನೀರನ್ನು ಸಾಕಷ್ಟು ಕೊಂಡೊಯ್ಯಬೇಕು, ತಿಂಡಿಯ ಪೊಟ್ಟಣವನ್ನು ಕೋತಿಗಳ ಕಣ್ಣಿಗೆ ಬೀಳದಂತೆ ಚೀಲದೊಳಗಿಡಬೇಕು. ತುಪ್ಪದ ಕೊಳದ ಬತೇರಿಗೆ, ಅಂದರೆ ಕಾವಲು ಬುರುಜಿಗೆ, ಬಂಡೆಯಲ್ಲಿ ಕೊರೆದ ಗುಳಿಗಳಲ್ಲಿ ಕಾಲಿಟ್ಟು ಹತ್ತುವ ದಾರಿಯನ್ನು ಅವರು ಮಕ್ಕಳಿಗೆ ತೋರಿಸಿದರಾದರೂ ಹತ್ತಿಸಲಿಲ್ಲ. ಮಗ ಹಟ ಮಾಡಿದ. ಅವರು ಒಪ್ಪದೇ ಇದ್ದದ್ದು ನನಗೆ ಸಮಾಧಾನ ತಂದಿತು.

ಮಧ್ಯಾಹ್ನದ ಊಟದ ಬಗ್ಗೆ ಹೆಚ್ಚು ಬರೆಯುವಂಥದ್ದೇನಿಲ್ಲ. ಅವರು ಕರೆದೊಯ್ದ ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ರುಚಿಯಾಗಿದ್ದವು. ಮುದ್ದೆಯ ಸೀಮೆಯೂ ರೊಟ್ಟಿಯ ಸೀಮೆಯೂ ಕೂಡುವ ಜಿಲ್ಲೆಯಾದ್ದರಿಂದ ಎರಡೂ ಒಂದೇ ಪಂಕ್ತಿಯಲ್ಲಿ ಸಿಕ್ಕವು, ತಾಯಿಯವರು ಮುದ್ದೆಯನ್ನೇ ಆರಿಸಿಕೊಂಡರು. ಆದರೆ ಎಲೆ ಹಾಕಿದ ಮೇಲೆ ಬಡಿಸಲು ಬಹಳ ತಡವಾಯಿತು, ಅರ್ಧ ರೊಟ್ಟಿ ತಿಂದ ಮಗನಿಗೂ ಪೂರ್ತಿ ಊಟದ ಹಣ ಪಡೆದರು. ಆ ತಡದ ಪರಿಣಾಮ ಮುಂದಿನ ಎರಡು ಜಾಗಗಳ ಮೇಲಾಯಿತು. ರಂಗಯ್ಯನ ಬಾಗಿಲ ಬಳಿಯ ಸರ್ಕಾರಿ ವಸ್ತುಸಂಗ್ರಹಾಲಯವನ್ನು ನಡೆದುಕೊಂಡೇ ನೋಡಿ ಮುಗಿಸಿದೆವು.

ಚಂದ್ರವಳ್ಳಿಯಲ್ಲಿ ಆದ ಆತುರ ನನಗೆ ನಿಜಕ್ಕೂ ಬೇಸರ ತಂದಿತು. ಮೂರು ಬೆಟ್ಟಗಳ ನಡುವಿನ ಆ ಕಣಿವೆ ಕೋಟೆಗಿಂತ ಎಷ್ಟೋ ಹಳೆಯದು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ನಡೆಸಿದ್ದರು. ಶಾತವಾಹನರ ಕಾಲದ ನಾಣ್ಯಗಳ ಜೊತೆ ರೋಮ್‌ನ ನಾಣ್ಯಗಳೂ ಆ ಮಣ್ಣಿನಲ್ಲಿ ಸಿಕ್ಕಿವೆ. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ಪ್ರಾಕೃತ ಭಾಷೆಯ ಆ ಕೆಲವೇ ಸಾಲುಗಳು ಅವನು ಕೆರೆಯೊಂದನ್ನು ಕಟ್ಟಿಸಿದ ಸಂಗತಿಯನ್ನು ಹೇಳುತ್ತವೆ. ಬೆಳಿಗ್ಗೆಯಷ್ಟೇ ಹೊಂಡಗಳ ಸಾಲನ್ನು ನೋಡಿ ಬಂದ ಮಕ್ಕಳಿಗೆ, ಅದಕ್ಕೂ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಇದೇ ನೆಲದಲ್ಲಿ ಒಬ್ಬ ಅರಸ ನೀರಿನ ಕೆಲಸ ಮಾಡಿಸಿ ಅದನ್ನು ಕಲ್ಲಿನಲ್ಲಿ ಬರೆಸಿದ್ದನೆಂದು ಜೋಡಿಸಿ ಹೇಳಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮಾರ್ಗದರ್ಶಿಗೆ ಅದು ಗೊತ್ತಿಲ್ಲದೆ ಇಲ್ಲ, ಹೊತ್ತು ಇರಲಿಲ್ಲ. ಅಂಕಲಿ ಮಠದ ನೆಲದಡಿಯ ಗುಹೆಗಳಲ್ಲಿ ಮಾತ್ರ ಅವರು ಟಾರ್ಚ್ ಹಿಡಿದು ನಿಧಾನವಾಗಿ ಇಳಿಸಿದರು, ಗೋಡೆಯ ಮೇಲೆ ಉಳಿದಿರುವ ಬಣ್ಣವನ್ನು ಬೆಳಕು ಹಾಯಿಸಿ ತೋರಿಸಿದರು. ವಸ್ತುಸಂಗ್ರಹಾಲಯವನ್ನು ಬಿಟ್ಟಾದರೂ ಚಂದ್ರವಳ್ಳಿಗೆ ಎರಡು ಗಂಟೆ ಕೊಡಬೇಕು ಎಂದು ಅವರಿಗೇ ಹೇಳಿದ್ದೇನೆ. ಈ ಸೇವೆಯನ್ನು ಪಡೆಯುವವರೂ ಮೊದಲೇ ಹಾಗೆ ಕೇಳಿಕೊಳ್ಳುವುದು ಒಳ್ಳೆಯದು.

ಸಂಜೆಯ ಭಾಗವೇ ಈ ಸೇವೆಯನ್ನು ಉಳಿದವುಗಳಿಂದ ಬೇರೆ ಮಾಡುವುದು. ಬೀದಿಯಲ್ಲಿ ಹಾಡುವವರನ್ನು ಪ್ರವಾಸಿಗರು ಕಾಣುವ ಬಗೆ ನಮಗೆಲ್ಲ ಗೊತ್ತಿರುವಂಥದ್ದೇ: ಕಾರಿನ ಗಾಜು ಇಳಿಸಿ ಹತ್ತು ರೂಪಾಯಿ ಕೊಡುವುದು, ಹಾಡು ಮುಗಿಯುವ ಮೊದಲೇ ಹೊರಡುವುದು, ಕೇಳದೆಯೇ ಮುಖದ ಮುಂದೆ ಮೊಬೈಲ್ ಹಿಡಿಯುವುದು. ಇದನ್ನು ತಪ್ಪಿಸಲು ಅವರು ಮಾಡಿಕೊಂಡಿರುವ ಏರ್ಪಾಡು ಸರಳವಾಗಿದೆ. ಕಲಾವಿದರಿಗೆ ಹಿಂದಿನ ದಿನವೇ ತಿಳಿಸಿರುತ್ತಾರೆ. ಅವರಿಗೆ ಎಷ್ಟು ಕೊಡಬೇಕೆಂಬುದನ್ನು ಬೆಳಿಗ್ಗೆಯೇ ನಮಗೆ ಹೇಳಿ, ಮಾರ್ಗದರ್ಶಿಯ ಸಂಬಳದಿಂದ ಬೇರೆಯಾಗಿ, ಹಾಡು ಶುರುವಾಗುವ ಮೊದಲೇ ನಮ್ಮ ಕೈಯಿಂದಲೇ ಅವರ ಕೈಗೆ ಕೊಡಿಸುತ್ತಾರೆ. ಸಿನಿಮಾ ಹಾಡು ಹೇಳಿರೆಂದು ಕೇಳಬಾರದು, ಒಪ್ಪಿಗೆಯಿಲ್ಲದೆ ವಿಡಿಯೊ ತೆಗೆಯಬಾರದು, ನಡುವೆ ಎದ್ದು ಹೋಗಬಾರದು ಎಂಬ ಮೂರು ಮಾತನ್ನು ಮಕ್ಕಳಿಗೂ ಸೇರಿಸಿ ಹೇಳುತ್ತಾರೆ. ಹಣ ಮೊದಲೇ ಸಂದಿರುವುದರಿಂದ ಹಾಡುವವರು ಕೈಚಾಚಬೇಕಾಗಿಲ್ಲ, ಕೇಳುವವರು ಜೇಬು ತಡಕಬೇಕಾಗಿಲ್ಲ. ಎರಡೂ ಕಡೆಯವರು ನಿರಾಳವಾಗಿ ಹಾಡಿಗೆ ಬರುತ್ತಾರೆ.

ಮೊದಲು ಬಂದವರು ತತ್ವಪದ ಹಾಡುವ ಹಿರಿಯರು. ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಕಂಬಳಿ ಹಾಸಿ ಕುಳಿತರು. ಬಲಗೈಯಲ್ಲಿ ಏಕತಾರಿ, ಎಡಗೈ ಬೆರಳುಗಳಲ್ಲಿ ಮರದ ಚಿಟಿಕೆ. ಏಕತಾರಿಯ ಬಿರಟೆ ಸಡಿಲವಾಗಿ ಜಾರದಂತೆ ಅದಕ್ಕೆ ಹಳೆಯ ಸೀರೆಯ ಅಂಚಿನ ಚೂರನ್ನು ಸುತ್ತಿ ಬಿಗಿ ಮಾಡಿದ್ದರು. ತೋರುಬೆರಳು ತಂತಿ ಮೀಟುವ ಜಾಗದಲ್ಲಿ ಉಗುರು ಪಕ್ಕಕ್ಕೆ ಸವೆದು ಹೋಗಿತ್ತು. ಶ್ರುತಿ ಸೇರುವವರೆಗೆ ಅವರು ಯಾರ ಕಡೆಗೂ ನೋಡಲಿಲ್ಲ. ಹಾಡು ಎತ್ತಿಕೊಂಡಾಗ ಧ್ವನಿ ದೊಡ್ಡದೇನಲ್ಲ, ಆದರೆ ಪಲ್ಲವಿಗೆ ಮರಳುವಾಗಲೆಲ್ಲ ಚಿಟಿಕೆ ಒಂದು ಏಟು ತಡೆದು ಬೀಳುತ್ತಿತ್ತು, ಆ ತಡೆಯಲ್ಲೇ ಮಾತಿನ ಅರ್ಥ ಮನಸ್ಸಿಗೆ ಇಳಿಯುತ್ತಿತ್ತು. ಎರಡನೆಯ ಪದಕ್ಕೆ ನನ್ನ ತಾಯಿ ತಾಳ ಹಾಕತೊಡಗಿದರು. ಮೂರನೆಯದನ್ನು ಆರಂಭಿಸುವ ಮೊದಲು ಆ ಹಿರಿಯರು "ತಾಯಿ, ನಿಮ್ಮ ತವರು ಯಾವ ಕಡೆ?" ಎಂದು ಕೇಳಿ, ಚಳ್ಳಕೆರೆ ಸೀಮೆ ಎಂದಾಗ, "ಹಂಗಾದ್ರೆ ನೀವು ಒಂದು ಸೋಬಾನೆ ಎತ್ರಿ, ನಾ ಶ್ರುತಿ ಹಿಡೀತೀನಿ" ಎಂದರು. ತಾಯಿಯವರು ಬಹಳ ಸಂಕೋಚದಿಂದ ನಾಲ್ಕು ಸಾಲು ಹೇಳಿದರು. ಅವರು ಹಾಡುವುದನ್ನು ನನ್ನ ಮಕ್ಕಳು ಅದಕ್ಕೆ ಮುಂಚೆ ಕೇಳಿರಲೇ ಇಲ್ಲ.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಪದಗಳನ್ನು ನೆನಪಿನಲ್ಲಿ ಹೊತ್ತು ಹಾಡಿದವರು. ಅಂಥ ಹಾಡುಗಾರ್ತಿ ಹುಟ್ಟಿದ ಜಿಲ್ಲೆಗೆ ಪ್ರವಾಸ ಬಂದವರಿಗೆ ಬಂಡೆ, ಬತೇರಿಗಳನ್ನಷ್ಟೇ ತೋರಿಸಿ ಕಳಿಸುವುದು ಅರ್ಧ ಊರನ್ನು ತೋರಿಸಿದಂತೆ. ಈ ಮಾರ್ಗದರ್ಶಿ ಸಿರಿಯಜ್ಜಿಯ ವಿಷಯವನ್ನು ತಾವಾಗಿಯೇ ಪ್ರಸ್ತಾಪಿಸಿದರು ಎಂಬುದನ್ನು ಮೆಚ್ಚುಗೆಯಿಂದ ದಾಖಲಿಸುತ್ತೇನೆ.

ಎರಡನೆಯದಾಗಿ ಬಂದವರು ದೇವಿಯನ್ನು ಹೊತ್ತು ಬೀದಿಯಲ್ಲಿ ಹಾಡಿ ಕುಣಿಯುವ ದುರುಗಮುರುಗಿಯ ದಂಪತಿಗಳು. ದೇವಿಯ ಪೆಟ್ಟಿಗೆಯನ್ನು ತಲೆಯ ಮೇಲಿಂದ ಇಳಿಸಿ, ಆ ತಾಯಿ ಉರುಮೆ ಎಂಬ ಎರಡು ಮುಖದ ಚರ್ಮವಾದ್ಯವನ್ನು ಕೊರಳಿಗೆ ಹಾಕಿಕೊಂಡರು. ಉರುಮೆಯ ನಾದ ಹುಟ್ಟುವ ರೀತಿಯನ್ನು ಅಷ್ಟು ಹತ್ತಿರದಿಂದ ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಒಂದು ಮುಖವನ್ನು ಕಡ್ಡಿಯಿಂದ ಬಡಿಯುತ್ತಾರೆ. ಇನ್ನೊಂದು ಮುಖದ ಚರ್ಮದ ಮೇಲೆ ಬಾಗಿದ ಕಡ್ಡಿಯನ್ನು ಒತ್ತಿ ತೀಡುತ್ತಾರೆ, ಆಗ ಹೊರಡುವ ಗುಂಯ್‌ಗುಡುವ ನಾದ ಬೀದಿಯ ಆ ತುದಿಯವರೆಗೆ ಕೇಳುತ್ತದೆ. ಗಂಡ ಕಾಲಿಗೆ ಗೆಜ್ಜೆ ಕಟ್ಟಿ, ಚಾಟಿಯನ್ನು ನೆಲಕ್ಕೆ ಬೀಸಿ ಸದ್ದು ಮಾಡಿದರೇ ಹೊರತು ಮೈಮೇಲೆ ಹೊಡೆದುಕೊಳ್ಳಲಿಲ್ಲ. ಮಕ್ಕಳಿದ್ದಾರೆಂದು ಅದು ಬೇಡವೆಂದು ಮಾರ್ಗದರ್ಶಿ ಮೊದಲೇ ಮಾತಾಡಿಕೊಂಡಿದ್ದರಂತೆ. ಮಕ್ಕಳ ಸಲುವಾಗಿ ಮಾತ್ರವಲ್ಲ, ಆ ಮನುಷ್ಯನ ಸಲುವಾಗಿಯೂ ಅದು ಸರಿಯಾದ ತೀರ್ಮಾನ. ಬಿಡುವಿನಲ್ಲಿ ಆ ತಾಯಿ ನನ್ನ ಮಗಳ ಕೈಗೆ ಬಾಗಿದ ಕಡ್ಡಿ ಕೊಟ್ಟು ತೀಡಲು ಹೇಳಿದರು. ಅವಳ ಕೈಯಲ್ಲಿ ಅದು ಕೀರಲು ಸದ್ದು ಬಿಟ್ಟು ಬೇರೇನೂ ಹೊರಡಿಸಲಿಲ್ಲ. ಅವರು ನಗುತ್ತ ಅವಳ ಮಣಿಕಟ್ಟು ಹಿಡಿದು ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂದು ತೋರಿಸಿದ ಮೇಲೆ ಒಂದು ಸಲ ನಿಜವಾದ ನಾದ ಬಂತು.

ಈ ಭಾಗದ ಕೊರತೆ ಜಾಗದ್ದು. ಬೀದಿಯ ಅಂಚಿನಲ್ಲಿ ಆಟೋ, ಬೈಕುಗಳ ಹಾರ್ನಿನ ನಡುವೆ ಏಕತಾರಿಯ ಅರ್ಧ ನಾದ ಕಳೆದು ಹೋಗುತ್ತದೆ. ವಯಸ್ಸಾದವರಿಗೆ ಕೂರಲು ಕುರ್ಚಿ ಇರಲಿಲ್ಲ. ಪಕ್ಕದ ಮನೆಯವರೊಬ್ಬರು ತಾವಾಗಿಯೇ ತಂದುಕೊಟ್ಟರು. ಉರುಮೆ ಬೀದಿಯದೇ ವಾದ್ಯ, ಅದಕ್ಕೆ ಬೀದಿಯೇ ಸರಿ. ತತ್ವಪದಕ್ಕೆ ಮಾತ್ರ ಒಂದು ಗುಡಿಯ ಜಗುಲಿಯೋ ಮನೆಯ ಪಡಸಾಲೆಯೋ ಇದ್ದರೆ ಕೇಳುವವರಿಗೂ ಹಾಡುವವರಿಗೂ ಉಪಕಾರವಾಗುತ್ತದೆ. ಇಬ್ಬರಿಗೂ ಸೇರಿ ಒಂದು ಗಂಟೆಯಷ್ಟೇ ಸಿಕ್ಕಿತು, ಅದು ಸಾಲದು.

ಖರ್ಚಿನ ವಿಷಯದಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಮಾರ್ಗದರ್ಶಿಗೆ ಒಂದು ಮೊತ್ತ, ಕಲಾವಿದರಿಗೆ ಒಂದು ಮೊತ್ತ, ಟಿಕೆಟ್ ಮತ್ತು ಊಟ ನಮ್ಮದು. ಕಾರು ಕೂಡ ನಾವೇ ನೋಡಿಕೊಳ್ಳಬೇಕು. ಬಸ್ಸಿನಲ್ಲಿ ಬಂದವರಿಗೆ ಊರೊಳಗಿನ ಓಡಾಟಕ್ಕೆ ಆಟೋ ಮಾಡಿಸಿಕೊಡುತ್ತಾರೆ. ಐದು ಜನರ ಕುಟುಂಬಕ್ಕೆ ಇಡೀ ದಿನ ಕೊಟ್ಟು, ಹಿರಿಯರನ್ನೂ ಮಕ್ಕಳನ್ನೂ ಇಷ್ಟು ಕಾಳಜಿಯಿಂದ ನೋಡಿಕೊಂಡದ್ದಕ್ಕೆ ಅವರು ಕೇಳಿದ ಹಣ ಕಡಿಮೆಯೇ ಎನ್ನಿಸಿತು, ಅದನ್ನು ಅವರಿಗೂ ಹೇಳಿದೆವು. ಕಲಾವಿದರಿಗೆ ಸಲ್ಲುವ ಮೊತ್ತವನ್ನು ಒಂದು ಚೀಟಿಯಲ್ಲಿ ಬರೆದು ಮೊದಲೇ ಕೊಟ್ಟರೆ ಬೇರೆ ಮಾರ್ಗದರ್ಶಿಗಳೂ ಅದೇ ಪದ್ಧತಿಯನ್ನು ಅನುಸರಿಸಬಹುದು.

ಹೋಗಬೇಕೆನ್ನುವವರು ಕನಿಷ್ಠ ಎರಡು ದಿನ ಮೊದಲು ತಿಳಿಸಬೇಕು. ದುರುಗಮುರುಗಿಯವರನ್ನು ಕೇಳಬೇಕೆಂದಿದ್ದರೆ ಮಂಗಳವಾರ ಅಥವಾ ಶುಕ್ರವಾರ ಆರಿಸಿಕೊಳ್ಳಿ, ದೇವಿಯ ವಾರಗಳಲ್ಲಿ ಅವರು ಪೇಟೆಯಲ್ಲೇ ಇರುತ್ತಾರಂತೆ. ಮಳೆಗಾಲದಲ್ಲಿ ಹೊಂಡಗಳು ತುಂಬಿ ನೋಡಲು ಚೆನ್ನಾದರೂ ಬಂಡೆಗಳು ಜಾರುತ್ತವೆ. ಹಿರಿಯರಿದ್ದರೆ ಮಳೆ ನಿಂತ ಮೇಲಿನ ತಿಂಗಳುಗಳೇ ಲೇಸು. ಕಾಡುಗೊಲ್ಲರ ಗಣೆಯನ್ನು, ಅಂದರೆ ಅವರ ದೈವವಾದ ಜುಂಜಪ್ಪನ ಕಾವ್ಯಕ್ಕೆ ಜೊತೆಯಾಗುವ ಆ ಉದ್ದನೆಯ ಬಿದಿರಿನ ಕೊಳಲನ್ನು ಕೇಳಿಸಬಹುದೇ ಎಂದು ವಿಚಾರಿಸಿದೆ. ಗಣೆ ನುಡಿಸುವವರು ಹಟ್ಟಿಗಳಿಂದ ಬರಬೇಕಾದ್ದರಿಂದ ಒಂದು ವಾರ ಮೊದಲು ಹೇಳಬೇಕು, ಅವರ ಬಸ್ಸಿನ ಖರ್ಚನ್ನೂ ಆ ದಿನದ ಕೂಲಿಯನ್ನೂ ಕೊಡಬೇಕು ಎಂದರು. ಎರಡು ಮೂರು ಕುಟುಂಬಗಳು ಕೂಡಿ ಹೋದರೆ ಅದು ಯಾರಿಗೂ ಹೊರೆಯಾಗದು. ದಾವಣಗೆರೆಯಿಂದ ಹೊರಡುವವರು ಹಾಗೆ ಗುಂಪು ಮಾಡಿಕೊಂಡೇ ಅವರಿಗೆ ತಿಳಿಸಿ.